ಯಾವ ಕಷ್ಟಕ್ಕೆ ಯಾರ ಸಲಹೆ? ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

ಮುಂಬೈ ಕನ್ನಡಿಗರಿಗೆ ಸಲಹೆ ಕೊಡುವವರ ಬರ ಎಂದೂ ಇರಲಿಲ್ಲ. ಹೋಟೆಲ್ ಕೆಲಸಕ್ಕೆ ಊರು ಬಿಟ್ಟು ಬಂದ ಹುಡುಗನಿಗೆ ಮಾಲೀಕರೇ ಬ್ಯಾಂಕು, ಅವರೇ ವಕೀಲರು, ಮದುವೆ ಮಾತುಕತೆಗೂ ಅವರೇ. ಹಗಲು ದುಡಿದು ರಾತ್ರಿ ಶಾಲೆಗೆ ಹೋದವರಿಗೆ ಅಲ್ಲಿನ ಮೇಷ್ಟ್ರು. ಆಮೇಲೆ ಸಂಘಗಳು. ಮಾಟುಂಗದ ಮೈಸೂರು ಅಸೋಸಿಯೇಶನ್ನಿಗೋ, ಕುರ್ಲಾದ ಬಂಟರ ಸಂಘಕ್ಕೋ, ಸಾಂತಾಕ್ರೂಜ್‌ನ ಬಿಲ್ಲವ ಭವನಕ್ಕೋ ಕಾರ್ಯಕ್ರಮ ನೋಡಲು ಹೋದವರು ಊಟ ಮುಗಿದ ಮೇಲೆ ಹಿರಿಯರೊಬ್ಬರನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಒಂದು ವಿಷಯ ಕೇಳೋದಿತ್ತು" ಅನ್ನುವುದು ಇವತ್ತಿಗೂ ನಡೆದೇ ಇದೆ.

ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಷ್ಟೋ ಸಂಸಾರಗಳು ಇದರಿಂದಲೇ ಉಳಿದಿವೆ. ಆದರೆ ಈಗ ಕಷ್ಟಗಳ ಜಾತಿ ಬದಲಾಗಿದೆ. ಬಿಲ್ಡಿಂಗ್ ರೀಡೆವಲಪ್‌ಮೆಂಟ್, ಮ್ಯೂಚುವಲ್ ಫಂಡ್, ಮಗಳ ಪ್ಯಾನಿಕ್ ಅಟ್ಯಾಕ್, ಅಳಿಯನ ಡಿವೋರ್ಸ್ ನೋಟಿಸ್, ಇವೆಲ್ಲಕ್ಕೂ ಒಬ್ಬರೇ ಅಣ್ಣ ಉತ್ತರ ಹೇಳಲು ಆಗುವುದಿಲ್ಲ. ಹೇಳಿದರೂ ಅದು ಅವರ ಅನುಭವ ಅಷ್ಟೇ. ಇನ್ನೊಂದು ಕಡೆ ಬೋರ್ಡ್ ಹಾಕಿಕೊಂಡವರು ಸಾಕಷ್ಟು ಜನ ಇದ್ದಾರೆ: ಕೌನ್ಸೆಲರ್, ಅಡ್ವೈಸರ್, ಕನ್ಸಲ್ಟೆಂಟ್, ಕೋಚ್. ಇವರಲ್ಲಿ ಯಾರು ಏನು, ಯಾರ ಹತ್ತಿರ ಯಾವಾಗ ಹೋಗಬೇಕು, ಹೋದಾಗ ಏನು ಕೇಳಬೇಕು ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಕಷ್ಟವನ್ನು ಬಿಡಿಸಿ ಬರೆಯಿರಿ

ಫೋನ್ ಎತ್ತುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಮ್ಮ ಕಷ್ಟಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡೇ ಬರುತ್ತವೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಭಾಂಡುಪ್‌ನಲ್ಲಿ ಒಂದು ಮನೆ. ಗಂಡ ಹೋಟೆಲ್‌ನಲ್ಲಿ ಕ್ಯಾಪ್ಟನ್. ಕುಡಿತ ಜಾಸ್ತಿಯಾಗಿದೆ. ಆಗಾಗ ಕೈಯೂ ಎತ್ತುತ್ತಾನೆ. ಕೂಡಿಟ್ಟ ದುಡ್ಡನ್ನು ಯಾರೋ ಹೇಳಿದರೆಂದು ಶೇರಿಗೆ ಹಾಕಿ ಕಳೆದಿದ್ದಾನೆ. ಮಗ ಹನ್ನೆರಡನೇ ಕ್ಲಾಸಿನಲ್ಲಿ, ರಾತ್ರಿ ನಿದ್ದೆ ಮಾಡುವುದಿಲ್ಲ, ಊಟ ಬಿಟ್ಟಿದ್ದಾನೆ. ಹೆಂಡತಿಗೆ ಊರಿಗೆ ಹೋಗಿಬಿಡೋಣ ಅನ್ನಿಸಿದೆ.

ಆಕೆ ಯಾರನ್ನಾದರೂ ಕೇಳಿದರೆ "ಸ್ವಲ್ಪ ಸಹಿಸಿಕೋ ಮಗಾ" ಅಥವಾ "ಬಿಟ್ಟು ಬಾ", ಈ ಎರಡರಲ್ಲಿ ಒಂದು ಬರುತ್ತದೆ. ಎರಡೂ ಉಪಯೋಗವಿಲ್ಲ. ಏಕೆಂದರೆ ಇಲ್ಲಿರುವುದು ಒಂದು ಕಷ್ಟವಲ್ಲ, ನಾಲ್ಕು. ಕುಡಿತಕ್ಕೆ ಚಿಕಿತ್ಸೆ ಬೇಕು. ಹೊಡೆತಕ್ಕೆ ರಕ್ಷಣೆ ಬೇಕು. ಹಣದ್ದು ಬೇರೆ ಲೆಕ್ಕ. ಮಗನ ನಿದ್ದೆ, ಊಟದ್ದು ಇನ್ನೊಂದು. ನಾಲ್ಕಕ್ಕೂ ನಾಲ್ಕು ಬಾಗಿಲು.

ಹಾಳೆಯಲ್ಲಿ ಪ್ರತಿಯೊಂದರ ಮುಂದೆ ನಿಮಗೆ ಬೇಕಾಗಿರುವುದು ಏನೆಂದು ಬರೆಯಿರಿ. ಬರೀ ಮಾಹಿತಿ ಬೇಕಾ? ಹೀಗೆ ಮಾಡಿ ಎಂದು ಹೇಳುವವರು ಬೇಕಾ? ನಿಮ್ಮ ಪರವಾಗಿ ಕೆಲಸ ಮಾಡಿಕೊಡುವವರು ಬೇಕಾ? ಅಥವಾ ಮನಸ್ಸಿನಲ್ಲಿರುವುದನ್ನು ತೀರ್ಪು ಕೊಡದೆ ಕೇಳಿಸಿಕೊಂಡು, ನೀವೇ ಒಂದು ನಿರ್ಧಾರಕ್ಕೆ ಬರಲು ಜೊತೆಗಿರುವವರು ಬೇಕಾ? ಮಾಹಿತಿ ಹೆಲ್ಪ್‌ಲೈನಿನಲ್ಲಿ ಸಿಗುತ್ತದೆ. ಹೀಗೆ ಮಾಡಿ ಎನ್ನುವವರು ಸಲಹೆಗಾರರು: ವಕೀಲರು, ಸಿಎ, ಹೂಡಿಕೆ ಸಲಹೆಗಾರರು. ಮಾಡಿಕೊಡುವವರು ಏಜೆಂಟರು. ಕೊನೆಯವರು ಕೌನ್ಸೆಲರ್, ಅಂದರೆ ಆಪ್ತಸಮಾಲೋಚಕರು. "ಡಿವೋರ್ಸ್ ತಗೊಳ್ಳಲಾ ಬೇಡವಾ" ಎಂದು ಕೌನ್ಸೆಲರನ್ನು ಕೇಳಿ, ಅವರು ನೇರ ಉತ್ತರ ಕೊಡಲಿಲ್ಲವೆಂದು ಬೇಜಾರಾಗಿ ಬಂದವರನ್ನು ನೋಡಿದ್ದೇನೆ. ಆ ಉತ್ತರ ಕೊಡದೇ ಇರುವುದೇ ಅವರ ಕೆಲಸ. ಎರಡನೇ ಭೇಟಿಯಲ್ಲೇ "ಬಿಟ್ಟುಬಿಡಿ" ಅನ್ನುವ ಕೌನ್ಸೆಲರ್ ಸಿಕ್ಕರೆ ನೀವು ಕೌನ್ಸೆಲರನ್ನೇ ಬಿಡುವುದು ಒಳ್ಳೆಯದು.

ಇವರಿಗೆ ದುಡ್ಡು ಕೊಡುವವರು ಯಾರು?

ಸಲಹೆ ಕೇಳುವಾಗ ನಾವು ಡಿಗ್ರಿ ನೋಡುತ್ತೇವೆ, ಆಫೀಸ್ ನೋಡುತ್ತೇವೆ, ನಮ್ಮ ಕಡೆಯವರಾ ಎಂದು ನೋಡುತ್ತೇವೆ. ಮೂರನೆಯದನ್ನಂತೂ ಮೊದಲೇ ನೋಡುತ್ತೇವೆ. ನೋಡಬೇಕಾದ್ದು ಬೇರೆ: ಈ ಸಲಹೆಗೆ ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಬ್ಯಾಂಕಿನಲ್ಲಿ ಕಾಫಿ ಕೊಟ್ಟು ಕೂರಿಸುವ ರಿಲೇಶನ್‌ಶಿಪ್ ಮ್ಯಾನೇಜರ್‌ಗೆ ಸಂಬಳ ಕೊಡುವುದು ಬ್ಯಾಂಕು. ಅವರ ತಿಂಗಳ ಟಾರ್ಗೆಟ್ ನಿಮ್ಮ ಮಗಳ ಮದುವೆಯ ಖರ್ಚಲ್ಲ. ವಿಮಾ ಏಜೆಂಟ್‌ಗೆ ಕಂಪನಿಯ ಕಮಿಷನ್. ವಿದೇಶದಲ್ಲಿ ಓದಲು "ಫ್ರೀ ಕೌನ್ಸೆಲಿಂಗ್" ಕೊಡುವ ಆಫೀಸಿಗೆ ಸಾಮಾನ್ಯವಾಗಿ ಆ ಯೂನಿವರ್ಸಿಟಿಯಿಂದ ಕಮಿಷನ್. ಇವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಇವರು ಮಾರಾಟಗಾರರು. ಮಾರುವವರ ಹತ್ತಿರ ಸಾಮಾನು ಕೇಳಬಹುದು, ಸಲಹೆ ಕೇಳಬಾರದು.

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ನಮಗೆ ಸಂಕೋಚ. ನಮ್ಮ ಊರಿನ ಕಡೆಯವರಾದರೆ ಇನ್ನೂ ಕಷ್ಟ. ಹೀಗೆ ಕೇಳಿ: "ಶೆಟ್ರೇ, ನಾನು ಇದನ್ನು ತಗೊಂಡರೆ ನಿಮಗೆ ಕಂಪನಿಯಿಂದ ಏನಾದರೂ ಬರುತ್ತಾ? ಬರಲಿ, ಸಂತೋಷ. ನನಗೆ ಗೊತ್ತಿರಲಿ ಅಂತ ಕೇಳಿದೆ." ನೇರವಾಗಿರುವವರು ನೇರವಾಗಿ ಹೇಳುತ್ತಾರೆ. ಮಾತು ಹಾರಿಸಿದರೆ ಅದೂ ಒಂದು ಉತ್ತರವೇ.

ಮನಸ್ಸಿನ ವಿಷಯ: ಮೂರು ಬೋರ್ಡು, ಮೂರು ಕೆಲಸ

ಇಲ್ಲಿ ಗೊಂದಲ ಜಾಸ್ತಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿರುತ್ತಾರೆ. ಇಲ್ಲಿ ಹೇಳುವ ಮೂವರಲ್ಲಿ ಮಾತ್ರೆ ಬರೆಯುವವರು ಇವರೇ. ವಾರಗಟ್ಟಲೆ ನಿದ್ದೆ ಇಲ್ಲ, ಇಲ್ಲದ ದನಿ ಕೇಳಿಸುತ್ತದೆ, ಕುಡಿತ ಬಿಟ್ಟರೆ ಕೈ ನಡುಗುತ್ತದೆ, ಸಾಯುವ ಮಾತು ಬರುತ್ತಿದೆ ಅಂದರೆ ಮೊದಲು ಇವರ ಹತ್ತಿರ. ಹೆಚ್ಚು ಕುಡಿಯುವವರು ಮನೆಯಲ್ಲೇ ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. "ಇವತ್ತಿನಿಂದ ಮುಟ್ಟಬೇಡ" ಎಂದು ದೇವರ ಮುಂದೆ ಆಣೆ ಮಾಡಿಸುವ ಮೊದಲು ಡಾಕ್ಟರನ್ನು ಕೇಳಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಡಾಕ್ಟರ್ ಅಲ್ಲ, ಮಾತ್ರೆ ಕೊಡುವುದಿಲ್ಲ. ಪರೀಕ್ಷೆಗಳನ್ನು ಮಾಡಿ ತೊಂದರೆ ಏನೆಂದು ಗುರುತಿಸುತ್ತಾರೆ, ಥೆರಪಿ ಕೊಡುತ್ತಾರೆ. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಇರಬೇಕು. ಎಲ್ಲರೂ ಆರ್‌ಸಿಐ ಅನ್ನುತ್ತಾರಲ್ಲ, ಅದೇ. 1992ರ ಕಾಯ್ದೆಯಿಂದ ಬಂದ ಸಂಸ್ಥೆ. ನೋಂದಣಿ ನಂಬರ್ ಕೇಳುವುದು ನಿಮ್ಮ ಹಕ್ಕು. ಮಗುವಿನ ಕಲಿಕೆಯ ತೊಂದರೆಗೆ ಸರ್ಟಿಫಿಕೇಟ್ ಬೇಕಾದಾಗ ಕಂಡಕಂಡಲ್ಲಿ ಪರೀಕ್ಷೆ ಮಾಡಿಸಬೇಡಿ. ಪರೀಕ್ಷಾ ಬೋರ್ಡು ಯಾರ ಸರ್ಟಿಫಿಕೇಟ್ ಒಪ್ಪುತ್ತದೆ ಎಂದು ಶಾಲೆಯಲ್ಲಿ ಮೊದಲು ಕೇಳಿ.

ಮೂರನೆಯವರು ಕೌನ್ಸೆಲರ್. ಸೈಕಾಲಜಿಯಲ್ಲಿ ಎಂಎ ಆಗಿರಬಹುದು, ಎಂಎಸ್‌ಡಬ್ಲ್ಯೂ ಆಗಿರಬಹುದು, ಡಿಪ್ಲೊಮಾ ಇರಬಹುದು. ದುಃಖ, ಗಂಡ ಹೆಂಡತಿ ಮನಸ್ತಾಪ, ಪರೀಕ್ಷೆಯ ಭಯ, ಕೆಲಸ ಹೋದ ಆಘಾತ, ಇಂಥವಕ್ಕೆ ಇವರು. ತೊಂದರೆ ಏನೆಂದರೆ ಎರಡು ದಿನದ ಆನ್‌ಲೈನ್ ಕೋರ್ಸ್ ಮಾಡಿದವರೂ ಇದೇ ಬೋರ್ಡ್ ಹಾಕುತ್ತಾರೆ. ಈ ವೃತ್ತಿಯನ್ನೂ ಸೇರಿಸಿಕೊಂಡು 2021ರಲ್ಲಿ ಕಾಯ್ದೆ ಬಂತು. ಆದರೆ ಡಾಕ್ಟರ ಹೆಸರು ಹುಡುಕಿ ನೋಡಿದಷ್ಟು ಸುಲಭವಾಗಿ ಕೌನ್ಸೆಲರ ಹೆಸರು ನೋಡುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಹಾಗಾಗಿ ಕೇಳಲೇಬೇಕು: ಎಲ್ಲಿ ಓದಿದ್ದೀರಿ? ಯಾರ ಕೈಕೆಳಗೆ ಕೆಲಸ ಕಲಿತಿರಿ? ನಿಮ್ಮ ಕೈಯಲ್ಲಿ ಆಗದ್ದಾದರೆ ಯಾರ ಹತ್ತಿರ ಕಳಿಸುತ್ತೀರಿ? ಕೊನೆಯ ಪ್ರಶ್ನೆಗೆ "ನನ್ನಿಂದ ಆಗದ್ದು ಯಾವುದೂ ಇಲ್ಲ" ಎಂಬ ಉತ್ತರ ಬಂದರೆ ಎದ್ದು ಬನ್ನಿ.

ದುಡ್ಡಿಲ್ಲ ಅನ್ನುವವರಿಗೆ ಮುಂಬೈಯಲ್ಲಿ ದಾರಿ ಇದೆ. ಪರೇಲಿನ ಕೆಇಎಂ, ಸಾಯನ್, ಮುಂಬೈ ಸೆಂಟ್ರಲ್ಲಿನ ನಾಯರ್, ಈ ಮೂರೂ ಮುನ್ಸಿಪಲ್ ಆಸ್ಪತ್ರೆಗಳಲ್ಲಿ ಮನೋವೈದ್ಯ ಓಪಿಡಿ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ನಿಲ್ಲಬೇಕು. ಮರಾಠಿ ಬೋರ್ಡಿನಲ್ಲಿ "ಸಮುಪದೇಶನ" ಎಂದು ಕಂಡರೆ ಅದೇ ಕೌನ್ಸೆಲಿಂಗ್ ವಿಭಾಗ. ಕಾಯುವುದು ಜಾಸ್ತಿ, ಡಾಕ್ಟರ್ ನಿಮ್ಮ ಜೊತೆ ಕೂರುವುದು ಕಮ್ಮಿ. ಆದರೆ ಅಲ್ಲಿನ ಡಾಕ್ಟರುಗಳು ಒಂದು ದಿನದಲ್ಲಿ ನೋಡುವಷ್ಟು ಕೇಸು ದೊಡ್ಡ ಕ್ಲಿನಿಕ್ಕಿನವರು ವಾರದಲ್ಲೂ ನೋಡಿರುವುದಿಲ್ಲ.

ಮನೆಯಿಂದ ಹೊರಗೆ ಕಾಲಿಡಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ಖರ್ಚಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಅದರಲ್ಲಿ ಕನ್ನಡವೂ ಇದೆ. ಇಡೀ ವ್ಯವಸ್ಥೆಗೆ ಬೆನ್ನೆಲುಬು ಬೆಂಗಳೂರಿನ ನಿಮ್ಹಾನ್ಸ್. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಂದರೆ ಟಿಸ್, 2012ರಿಂದ ಐಕಾಲ್ ಎಂಬ ಫೋನ್ ಕೌನ್ಸೆಲಿಂಗ್ ಸೇವೆಯನ್ನು ಬೆಳೆಸಿದೆ. ಜೀವಕ್ಕೆ ತಕ್ಷಣದ ಅಪಾಯ ಎಂದಾದರೆ ಇದಾವುದೂ ಅಲ್ಲ, 112 ಒತ್ತಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಆತ್ಮಹತ್ಯೆಗೆ ಯತ್ನಿಸಿದವರನ್ನು ಮನೆಯಲ್ಲೇ ಇಟ್ಟುಕೊಳ್ಳುವವರು ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಹೆದರಬೇಡಿ, ಕರೆದುಕೊಂಡು ಹೋಗಿ.

ಕುಡಿತ ಬಿಡಿಸಲು ಪುಣೆಯಲ್ಲಿ ಮುಕ್ತಾಂಗಣ ಎಂಬ ಚಿಕಿತ್ಸಾ ಕೇಂದ್ರ 1986ರಿಂದ ಇದೆ. ಅಲ್ಲಿ ಸೇರಿಸಿ ಕೈತೊಳೆದುಕೊಳ್ಳುವಂತಿಲ್ಲ, ಮನೆಯವರಿಗೂ ಕೌನ್ಸೆಲಿಂಗ್ ಇರುತ್ತದೆ. ಹೋಟೆಲ್ ಲೈನಿನಲ್ಲಿ ರಾತ್ರಿ ಪಾಳಿ ಮುಗಿಸಿ ಕುಡಿಯುವುದು ಎಷ್ಟು ಮಾಮೂಲು ಎಂದು ನಮಗೆಲ್ಲ ಗೊತ್ತು. ಅದನ್ನು ಚಟ ಎಂದು ಬೈಯುವವರು ಬೇಕಾದಷ್ಟು ಜನ. ಕಾಯಿಲೆ ಎಂದು ಕರೆದುಕೊಂಡು ಹೋಗುವವರು ಕಮ್ಮಿ.

ಮೊದಲ ಭೇಟಿ: ಭಾಷೆ ಮತ್ತು ಗುಟ್ಟು

ಮುಂಬೈಯಲ್ಲಿ ಹುಟ್ಟಿದ ಮಕ್ಕಳಿಗೆ ಹಿಂದಿ, ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚುವುದು ಸುಲಭ. ಅಜ್ಜಿಗೆ ಕನ್ನಡವೋ ತುಳುವೋ ಬೇಕು. ಅಜ್ಜಿಯನ್ನು ಕರೆದುಕೊಂಡು ಹೋದಾಗ ಸೊಸೆಯೋ ಮಗನೋ ಅನುವಾದಕ್ಕೆ ಕೂರುತ್ತಾರೆ. ಅಜ್ಜಿಯ ಸಂಕಟವೇ ಆ ಸೊಸೆಯಾಗಿದ್ದರೆ? ಅಜ್ಜಿ "ಎಲ್ಲ ಸರಿ ಇದೆ" ಅನ್ನುತ್ತಾರೆ. ಸೊಸೆ ಅದನ್ನೇ ನಿಷ್ಠೆಯಿಂದ ಇಂಗ್ಲಿಷಿಗೆ ಮಾಡುತ್ತಾಳೆ. ಫೀಸು ಕೊಟ್ಟು ಮನೆಗೆ ಬರುತ್ತಾರೆ. ಮನೆಯವರನ್ನು ದುಭಾಷಿ ಮಾಡಬೇಡಿ. ಕನ್ನಡ ಬಲ್ಲವರನ್ನು ಹುಡುಕಿ, ಈಗ ವಿಡಿಯೊ ಕಾಲಿನಲ್ಲಿ ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನವರೂ ಸಿಗುತ್ತಾರೆ. ಮಾತಾಡುವಾಗ ಅಜ್ಜಿಗೆ ಒಂದು ಕೋಣೆ ಬಿಟ್ಟುಕೊಡಿ. ಒಂದೇ ಖೋಲಿಯ ಮನೆಯಾದರೆ ಉಳಿದವರು ಅರ್ಧ ಗಂಟೆ ಕೆಳಗೆ ಹೋಗಿ ಬನ್ನಿ.

ಇದಕ್ಕೆ ತಿರುಗಾಮುರುಗಾ ಇನ್ನೊಂದು ಇದೆ. ನಮ್ಮವರೇ ಆದ ಕೌನ್ಸೆಲರ್ ಎಂದರೆ ಕೆಲವರಿಗೆ ಭಯ: ನಾಳೆ ಸಂಘದ ಕಾರ್ಯಕ್ರಮದಲ್ಲಿ ಎದುರಿಗೆ ಸಿಕ್ಕರೆ? ಆ ಭಯ ಸುಮ್ನೆ ಅಲ್ಲ, ನಮ್ಮ ಲೋಕ ಅಷ್ಟು ಚಿಕ್ಕದು. ಭಾಷೆಗಿಂತ ಗುಟ್ಟು ಮುಖ್ಯ ಅನ್ನಿಸಿದರೆ ಬೇರೆಯವರ ಹತ್ತಿರವೇ ಹೋಗಿ, ತಪ್ಪೇನಿಲ್ಲ.

ಗುಟ್ಟಿನ ಗಡಿ ಎಲ್ಲಿಯವರೆಗೆ ಎಂದು ಮೊದಲ ದಿನವೇ ಕೇಳಿ. 2017ರ ಕಾಯ್ದೆ ರೋಗಿಯ ಮಾಹಿತಿ ಗೋಪ್ಯವಾಗಿರಬೇಕು ಎನ್ನುತ್ತದೆ. ಆದರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ ಅವರು ಹೇಳಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಇದು ಕೌನ್ಸೆಲರಿಗೆ ಮಾತ್ರವಲ್ಲ, ಸಂಘದ ಅಣ್ಣನಿಗೂ ಅನ್ವಯಿಸುತ್ತದೆ. "ಮನೆ ಮರ್ಯಾದೆ, ಒಳಗೇ ಮುಗಿಸೋಣ" ಎನ್ನುವ ಸಲಹೆ ಇಲ್ಲಿ ಸ್ವತಃ ಅಪರಾಧವಾಗಬಹುದು.

ಆಫೀಸಿನವರು ಇಟ್ಟ ಕೌನ್ಸೆಲರಾದರೆ ಇನ್ನೊಂದು ಪ್ರಶ್ನೆ: ಎಚ್‌ಆರ್‌ಗೆ ಏನು ಹೋಗುತ್ತದೆ? ಮಗನ ಕಾಲೇಜಿನವರಾದರೆ: ಪ್ರಿನ್ಸಿಪಾಲರಿಗೆ ಏನು ಹೋಗುತ್ತದೆ?

ಮನೆಯ ಜಗಳ ಹೊಡೆತದವರೆಗೆ ಬಂದಾಗ

ಬರೀ ಮನಸ್ತಾಪವಾದರೆ ಕೌನ್ಸೆಲರ್ ಸಾಕು. ಹೊಡೆತವಿದ್ದರೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ "ಇಬ್ಬರೂ ಹೊಂದಿಕೊಳ್ಳಿ" ಎನ್ನುವ ಪಂಚಾಯಿತಿ ಅಪಾಯಕಾರಿ. ಅಲ್ಲಿ ಹೇಳಿದ ಒಂದೊಂದು ಮಾತಿಗೂ ಮನೆಗೆ ಹೋದ ಮೇಲೆ ಏಟು ಬೀಳುತ್ತದೆ. ನಮ್ಮ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡುತ್ತಾರೆ. ನಿಲ್ಲಿಸಬೇಕು.

ಮುಂಬೈಯಲ್ಲಿ ಇದಕ್ಕೊಂದು ಹಳೆಯ ವ್ಯವಸ್ಥೆ ಇದೆ. 1984ರಲ್ಲಿ ಟಿಸ್ ಸಂಸ್ಥೆ ಮತ್ತು ಪೊಲೀಸರು ಸೇರಿ ಮಹಿಳೆಯರು ಮತ್ತು ಮಕ್ಕಳಿಗಾಗಿ ಸ್ಪೆಷಲ್ ಸೆಲ್ ಶುರುಮಾಡಿದರು. ಪೊಲೀಸ್ ವ್ಯವಸ್ಥೆಯ ಒಳಗೇ ತರಬೇತಿ ಪಡೆದ ಸಮಾಜ ಕಾರ್ಯಕರ್ತೆಯರು ಕೂರುತ್ತಾರೆ. ಅವರು ಪೊಲೀಸರಲ್ಲ. ಕೇಸ್ ಹಾಕಲೇಬೇಕು ಎಂದು ಒತ್ತಾಯಿಸುವುದಿಲ್ಲ, ಹಾಕಬೇಕೆಂದರೆ ಜೊತೆಗೆ ನಿಲ್ಲುತ್ತಾರೆ. ಇಲ್ಲಿ ಶುರುವಾದದ್ದು ಆಮೇಲೆ ರಾಜ್ಯದ ಬೇರೆ ಕಡೆಗೂ ಹೋಯಿತು. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮುನ್ಸಿಪಾಲಿಟಿ ಮತ್ತು ಸೆಹತ್ ಸಂಸ್ಥೆ ಸೇರಿ ಕಟ್ಟಿದ ದಿಲಾಸಾ ಕೇಂದ್ರ ಇದೆ. "ಬಚ್ಚಲಲ್ಲಿ ಜಾರಿಬಿದ್ದೆ" ಎಂದು ಹೇಳಿಕೊಂಡು ಬರುವ ಹೆಂಗಸರನ್ನು ಗುರುತಿಸಿ ಮಾತಾಡಿಸುವುದು ಅವರ ಕೆಲಸದ ಒಂದು ಭಾಗ. 181 ಮಹಿಳಾ ಸಹಾಯವಾಣಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಪ್ರೊಟೆಕ್ಷನ್ ಆಫೀಸರ್ ಎಂಬ ಅಧಿಕಾರಿ ಇರುತ್ತಾರೆ, ಮನೆಯಿಂದ ಹೊರಹಾಕದಂತೆ ಆದೇಶ ಕೇಳಲು ಅವರು ನೆರವಾಗಬೇಕು.

ಡಿವೋರ್ಸ್ ಅರ್ಜಿ ಫ್ಯಾಮಿಲಿ ಕೋರ್ಟಿಗೆ ಹೋದರೆ ಅಲ್ಲೂ ಒಬ್ಬ ಕೌನ್ಸೆಲರ್ ಸಿಗುತ್ತಾರೆ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲೇ ಅವರಿಗೆ ಜಾಗ ಇದೆ. ಮುಂಬೈಯ ಫ್ಯಾಮಿಲಿ ಕೋರ್ಟ್ ಬಾಂದ್ರಾ ಪೂರ್ವದಲ್ಲಿ, ಬಿಕೆಸಿಯಲ್ಲಿದೆ. ಅಲ್ಲಿನ ಕೌನ್ಸೆಲರ್ ನಿಮ್ಮ ವಕೀಲರೂ ಅಲ್ಲ, ಜಡ್ಜೂ ಅಲ್ಲ. ರಾಜಿ ಸಾಧ್ಯವಾ, ಇಲ್ಲವಾದರೆ ಮಕ್ಕಳು ಯಾರ ಹತ್ತಿರ, ಯಾವ ವಾರ ಯಾರು ನೋಡಬೇಕು, ಇಂಥದ್ದನ್ನು ಮಾತಾಡಿಸುತ್ತಾರೆ. ಅವರ ಕೋಣೆಯಲ್ಲಿ ಕೇಸ್ ಗೆಲ್ಲಲು ಹೋಗಬೇಡಿ. ಮಗುವಿನ ಶಾಲೆ, ಮನೆ ಖರ್ಚು, ಬಾಡಿಗೆ ಲೆಕ್ಕ ಬರೆದುಕೊಂಡು ಹೋಗಿ.

ವಕೀಲರು

ವಕೀಲರಿಗೆ ಸುಳ್ಳು ಹೇಳಬೇಡಿ. ಅವರಿಗೆ ಹೇಳಿದ್ದಕ್ಕೆ ಕಾನೂನಿನ ರಕ್ಷಣೆ ಇದೆ. ವಕೀಲರಾದವರ ಹೆಸರು ಬಾರ್ ಕೌನ್ಸಿಲ್ ಪಟ್ಟಿಯಲ್ಲಿರುತ್ತದೆ, ನಮಗೆ ಅದು ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್. "ಗೆದ್ದರೆ ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಎನ್ನುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಅಪಘಾತ ಪರಿಹಾರದ ಕೇಸುಗಳಲ್ಲಿ ಇಂಥ ಮಾತು ಕೇಳಿಬರುತ್ತದೆ, ಎಚ್ಚರ.

ಫೀಸ್ ಕೊಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ, ಇವರ ಆದಾಯ ಕೇಳುವಂತಿಲ್ಲ. ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ ನಂಬರ್ 15100. ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಈ ನಂಬರ್ ಹೇಳಿಕೊಡಿ. ಸಂಘಗಳ ಕಾರ್ಯಕ್ರಮದ ಸುದ್ದಿಯೂ ತಲುಪದ ಕನ್ನಡಿಗರು ಅವರು.

ಹಣ

ಭಾಂಡುಪ್‌ನ ಆ ಗಂಡ ದುಡ್ಡು ಕಳೆದದ್ದು ವಾಟ್ಸಾಪ್ ಗ್ರೂಪಿನ ಟಿಪ್ಸ್ ನಂಬಿ ಎಂದುಕೊಳ್ಳೋಣ. ಅಂಥ ಗ್ರೂಪಿನ "ಗುರು"ವಿಗೆ ನಂಬರ್ ಕೇಳಬೇಕಿತ್ತು, ಫೋನ್ ನಂಬರ್ ಅಲ್ಲ, ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ ನಂಬರ್. 2013ರ ನಿಯಮಗಳ ಪ್ರಕಾರ ಫೀಸು ತೆಗೆದುಕೊಂಡು ಹೂಡಿಕೆ ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿರಬೇಕು. ಅವರ ನಂಬರ್ ಐಎನ್‌ಎ ಅಕ್ಷರಗಳಿಂದ ಶುರುವಾಗುತ್ತದೆ. ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್. ಮ್ಯೂಚುವಲ್ ಫಂಡ್ ಡಿಸ್ಟ್ರಿಬ್ಯೂಟರಿಗೆ ಎಆರ್‌ಎನ್ ನಂಬರ್ ಇರುತ್ತದೆ, ಅವರು ಕಮಿಷನ್ ಮೇಲೆ ಬದುಕುವವರು. ನಂಬರನ್ನು ಸೆಬಿಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಬರುವ ಹೆಸರೂ ಎದುರಿಗಿರುವವರ ಹೆಸರೂ ಒಂದೇನಾ ನೋಡಿ. ಬೇರೆಯವರ ನಂಬರ್ ಕದ್ದು ಹಾಕಿಕೊಳ್ಳುವವರೂ ಇದ್ದಾರೆ.

ನೋಂದಾಯಿತ ಸಲಹೆಗಾರರು ಫೀಸನ್ನು ನಿಮ್ಮಿಂದ ತೆಗೆದುಕೊಳ್ಳುತ್ತಾರೆ. ಅದೇ ಗಿರಾಕಿಗೆ ಫಂಡ್ ಮಾರಿ ಕಮಿಷನ್ ಹೊಡೆಯುವಂತಿಲ್ಲ. ಲಾಭದ ಗ್ಯಾರಂಟಿ ಕೊಡುವಂತಿಲ್ಲ. ನಿಮ್ಮ ಹೂಡಿಕೆಯ ಹಣ ಅವರ ಖಾತೆಗೆ ಹೋಗುವಂತಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಬೇಡ ಅನ್ನಿ.

ನಮ್ಮವರಿಗೆ ಸಲಹೆಗೆ ಫೀಸು ಕೊಡುವುದೆಂದರೆ ಹೊಟ್ಟೆ ಉರಿ. "ಸುಮ್ನೆ ಮಾತಾಡಿದ್ದಕ್ಕೆ ಐದು ಸಾವಿರವಾ?" ಅನ್ನುತ್ತೇವೆ. ಆದರೆ 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡಿಗೂ ಡೈರೆಕ್ಟ್ ಪ್ಲಾನ್ ಇದೆ. ಅದರಲ್ಲಿ ಡಿಸ್ಟ್ರಿಬ್ಯೂಟರ್ ಕಮಿಷನ್ ಇಲ್ಲ. ಡಿಸ್ಟ್ರಿಬ್ಯೂಟರ್ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನಿನಲ್ಲಿ ಅದು ವರ್ಷ ವರ್ಷವೂ ನಿಮ್ಮ ಹಣದಿಂದಲೇ ಹೋಗುತ್ತದೆ. ಚೆಕ್ ಬರೆಯುವುದಿಲ್ಲವಾದ್ದರಿಂದ ಉರಿಯುವುದಿಲ್ಲ, ಅಷ್ಟೇ. ಹಾಗೆಂದು ಡಿಸ್ಟ್ರಿಬ್ಯೂಟರ್ ಬೇಡವೇ ಬೇಡ ಎಂದಲ್ಲ. ಫಾರಂ ತುಂಬಿಸಿ, ಕೆವೈಸಿ ಮಾಡಿಸಿ, ಅಪ್ಪ ತೀರಿಕೊಂಡಾಗ ಅಮ್ಮನ ಹೆಸರಿಗೆ ಮಾಡಿಸಿಕೊಡುವ ಒಳ್ಳೆಯ ಡಿಸ್ಟ್ರಿಬ್ಯೂಟರ್ ಆ ಕಮಿಷನ್ನಿಗೆ ಲಾಯಕ್ಕೇ.

ಗೊತ್ತಿಲ್ಲದೆ ಪಾಲಿಸಿಗೆ ಸಹಿ ಹಾಕಿದ್ದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು. ಸ್ವಲ್ಪ ಖರ್ಚು ಕಳೆದು ಉಳಿದ ಪ್ರೀಮಿಯಂ ಬರುತ್ತದೆ.

ಬಿಲ್ಡಿಂಗಿನ ಸಲಹೆಗಾರ

ಚೆಂಬೂರು, ಘಾಟ್ಕೋಪರ್, ಮುಲುಂಡ್ ಕಡೆಯ ಹಳೆ ಸೊಸೈಟಿಗಳಲ್ಲಿ ನಮ್ಮವರು ಬಹಳ ಇದ್ದಾರೆ. ಒಂದೊಂದೇ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಇಲ್ಲಿ ಪಿಎಂಸಿ ಎಂಬ ಸಲಹೆಗಾರ ಬರುತ್ತಾರೆ, ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್. ರಾಜ್ಯ ಸರ್ಕಾರ 2019ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇವರನ್ನು ನೇಮಿಸುವ ಕ್ರಮ ಇದೆ. ಸಹಕಾರ ಸಂಘಗಳ ಕಾಯ್ದೆಯ ಕಲಂ ಹೆಸರಿನಲ್ಲಿ ಎಲ್ಲರೂ 79ಎ ಎನ್ನುವುದು ಅದನ್ನೇ. ಬಿಲ್ಡಿಂಗ್ ಎಷ್ಟು ಕಟ್ಟಬಹುದು, ಸದಸ್ಯರಿಗೆ ಎಷ್ಟು ಕಾರ್ಪೆಟ್ ಏರಿಯಾ ಸಿಗಬಹುದು, ಟೆಂಡರ್ ಹೇಗೆ, ಇದನ್ನೆಲ್ಲ ಸೊಸೈಟಿ ಪರವಾಗಿ ಲೆಕ್ಕ ಹಾಕುವವರು ಇವರು. ಪರವಾಗಿ ಎಂಬುದೇ ಮುಖ್ಯ. ಡೆವಲಪರೇ ತಂದು ಕೂರಿಸಿದ, ಡೆವಲಪರೇ ಫೀಸು ಕೊಡುವ ಪಿಎಂಸಿ ಯಾರ ಲೆಕ್ಕ ಹಾಕುತ್ತಾರೆ ಹೇಳಿ! ಸಾಮಾನ್ಯ ಸಭೆಗೆ ಹೋಗಿ. ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಹೋಗಿ. ನೇಮಕ ಹೇಗಾಯಿತು, ಎಷ್ಟು ಜನರ ಕೊಟೇಶನ್ ಬಂದಿತ್ತು, ಫೀಸು ಯಾರ ಖಾತೆಯಿಂದ ಎಂದು ಕೇಳಿ, ಕೇಳಿದ್ದು ಮಿನಿಟ್ಸ್‌ನಲ್ಲಿ ಬರೆಸಿ.

ಮನೆ ಕೊಳ್ಳುವವರು ಏಜೆಂಟರ ಮಹಾರೇರಾ ನಂಬರ್, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ ನಂಬರ್ ನೋಡಿಕೊಳ್ಳಿ, ಅದು ಎ ಅಕ್ಷರದಿಂದ ಶುರು. ಪ್ರಾಜೆಕ್ಟಿನದು ಪಿ ಅಕ್ಷರದಿಂದ.

ಮಕ್ಕಳ ಓದು

ನೀಟ್, ಸಿಇಟಿಯ "ಕೌನ್ಸೆಲಿಂಗ್" ಎಂದರೆ ಸೀಟು ಹಂಚುವುದು, ಅಲ್ಲಿ ಯಾರೂ ಸಮಾಧಾನ ಹೇಳುವುದಿಲ್ಲ. ಅದರ ಮಾಹಿತಿ ಪುಸ್ತಕ ಪುಕ್ಕಟೆ ಸಿಗುತ್ತದೆ. ಮಹಾರಾಷ್ಟ್ರಕ್ಕೆ ಸಿಇಟಿ ಸೆಲ್, ಕರ್ನಾಟಕಕ್ಕೆ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಕರ್ನಾಟಕದಲ್ಲಿ ಹೊರನಾಡು, ಗಡಿನಾಡು ಕನ್ನಡಿಗರ ಅರ್ಹತೆಯ ಷರತ್ತುಗಳು ಅದರಲ್ಲೇ ಅಚ್ಚಾಗಿರುತ್ತವೆ. ಏಜೆಂಟರ ಬಾಯಲ್ಲಿ ಕೇಳುವ ಮೊದಲು ಅದನ್ನು ಓದಿ, ಯಾವ ಯಾವ ಸರ್ಟಿಫಿಕೇಟ್ ಊರಿನಿಂದ ತರಿಸಬೇಕು ಎಂದು ಗುರುತು ಹಾಕಿ. ಸೀಟು "ಮಾಡಿಸಿಕೊಡುತ್ತೇನೆ" ಎಂದು ಮುಂಗಡ ಕೇಳುವವರು ಸಲಹೆಗಾರರಲ್ಲ.

ಹಾಗಾದರೆ ಸಂಘದ ಅಣ್ಣ?

ಅವರು ಬೇಕು. ಯಾವ ಆಸ್ಪತ್ರೆಯಲ್ಲಿ ಯಾವ ಬಾಗಿಲು, ಯಾವ ವಕೀಲರು ಫೋನ್ ಎತ್ತುತ್ತಾರೆ, ಮಗುವಿನ ಫೀಸಿಗೆ ಯಾವ ಟ್ರಸ್ಟಿನಲ್ಲಿ ಅರ್ಜಿ ಹಾಕಬಹುದು, ಇದು ಅವರಷ್ಟು ಯಾರಿಗೂ ಗೊತ್ತಿಲ್ಲ. ಅವರನ್ನು "ಏನು ಮಾಡಲಿ" ಎಂದು ಕೇಳುವ ಬದಲು "ಯಾರ ಹತ್ತಿರ ಹೋಗಲಿ, ನೀವು ಜೊತೆಗೆ ಬರ್ತೀರಾ" ಎಂದು ಕೇಳಿ. ಕೋರ್ಟಿಗೆ, ಓಪಿಡಿಗೆ ಒಬ್ಬರೇ ಹೋಗುವುದಕ್ಕಿಂತ ಅಂಥವರು ಪಕ್ಕದಲ್ಲಿ ಕೂತರೆ ಅರ್ಧ ಧೈರ್ಯ. ಅಣ್ಣಂದಿರಿಗೂ ಒಂದು ಮಾತು: ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಗೌರವ ಕಮ್ಮಿಯಾಗುವುದಿಲ್ಲ.

ಫೀಸು, ಕಾಗದ, ಬದಲಾಯಿಸುವುದು

ಫೀಸು ಎಷ್ಟು, ಎಷ್ಟು ಹೊತ್ತಿಗೆ, ಭೇಟಿ ತಪ್ಪಿಸಿದರೆ ಕೊಡಬೇಕಾ ಎಂದು ಮೊದಲೇ ಕೇಳಿ. ರಸೀದಿ ತೆಗೆದುಕೊಳ್ಳಿ. ಹೇಳಿದ್ದನ್ನು ಮನೆಗೆ ಬಂದು ಅದೇ ದಿನ ನಾಲ್ಕು ಸಾಲು ಬರೆದಿಡಿ, ಒಂದು ವಾರದಲ್ಲಿ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಒರಿಜಿನಲ್ ಕಾಗದ ಯಾರ ಕೈಗೂ ಬಿಟ್ಟು ಬರಬೇಡಿ. ಕೊಡಲೇಬೇಕಾದರೆ ಪಡೆದದ್ದಕ್ಕೆ ಸಹಿ ಮಾಡಿಸಿಕೊಳ್ಳಿ.

ಕೌನ್ಸೆಲರ ಜೊತೆ ಮೂರು ನಾಲ್ಕು ಭೇಟಿಯಾದರೂ ಏನೂ ಹೊಂದುತ್ತಿಲ್ಲ ಅನ್ನಿಸಿದರೆ ಅದನ್ನು ಅವರಿಗೇ ಹೇಳಿ. ಒಳ್ಳೆಯವರು ಕೋಪ ಮಾಡಿಕೊಳ್ಳುವುದಿಲ್ಲ, ರೀತಿ ಬದಲಿಸುತ್ತಾರೆ ಇಲ್ಲವೇ ಬೇರೆಯವರ ಹೆಸರು ಕೊಡುತ್ತಾರೆ. ಸುಮ್ಮನೆ ಹೋಗುವುದು ಬಿಟ್ಟರೆ ಮುಂದಿನವರ ಹತ್ತಿರ ಮತ್ತೆ ಮೊದಲಿನಿಂದ ಹೇಳಬೇಕು. ಮನೋವೈದ್ಯರ ಮಾತ್ರೆಯನ್ನು ಮಾತ್ರ "ಈಗ ಪರವಾಗಿಲ್ಲ" ಎಂದು ನೀವೇ ನಿಲ್ಲಿಸಬೇಡಿ, ಕೆಲವು ಮಾತ್ರೆಗಳನ್ನು ಹಂತ ಹಂತವಾಗಿಯೇ ಇಳಿಸಬೇಕು. ಹೂಡಿಕೆ ಸಲಹೆಗಾರರ ಮೇಲೆ ದೂರಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್, ಡಾಕ್ಟರ ಮೇಲಿದ್ದರೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್, ವಕೀಲರ ಮೇಲಿದ್ದರೆ ಬಾರ್ ಕೌನ್ಸಿಲ್.

ವಕೀಲರನ್ನು ಬದಲಾಯಿಸುವಾಗ ಹಳೆಯವರ ಬಾಕಿ ಫೀಸು ತೀರಿಸಿ, ವಕಾಲತ್‌ನಾಮೆಗೆ (ಕೇಸ್ ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದ) ಅವರ ಒಪ್ಪಿಗೆಯ ಸಹಿ ಹಾಕಿಸಿಕೊಂಡು, ಫೈಲು ಪೂರ್ತಿ ಎಣಿಸಿ ತೆಗೆದುಕೊಂಡು ಬನ್ನಿ. ಹೊಸ ವಕೀಲರ ಹತ್ತಿರ ಹೋಗುವುದು ಅದಾದ ಮೇಲೆ, ಮುಂದಿನ ತಾರೀಖಿಗೆ ಸಾಕಷ್ಟು ದಿನ ಇರುವಾಗಲೇ.